ಅಪ್ಪನ ಹೆಸರಲ್ಲೇ ಇದ್ದ ಬೈಕು

ಹಳೇ ಬೈಕಿಲ್ಲದ ಮನೆ ನಮ್ಮ ಕಡೆ ಯಾವುದಿದೆ ಹೇಳಿ? ಒಮ್ಮೆ ಮನೆಗೆ ಬಂದ ಗಾಡಿ ಹುಲ್ಲಿನ ಹೊರೆ ಹೊತ್ತು, ಹಾಲಿನ ಕ್ಯಾನು ಹೊತ್ತು, ಬಸುರಿಯನ್ನು ಆಸ್ಪತ್ರೆಗೆ ಹೊತ್ತು, ಯಜಮಾನ ಕಣ್ಣು ಮುಚ್ಚಿದ ಮೇಲೂ ಮಗನ ಕೈಯಲ್ಲಿ ಓಡುತ್ತಲೇ ಇರುತ್ತದೆ. ಕೆರಗೋಡಿನ ಶಿವರಾಜುವಿನ ಮನೆಯಲ್ಲೂ ಅಂಥದ್ದೊಂದಿತ್ತು. ಹದಿನೆಂಟು ವರ್ಷದ ನೂರು ಸಿಸಿ ಗಾಡಿ. ತಂದಿದ್ದು ಅವನ ಅಪ್ಪ ಚಿಕ್ಕಣ್ಣ. ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಈ ಗಾಡಿಯಲ್ಲಿ ಶಿವರಾಜು ನೇಪಾಳಕ್ಕೆ ಹೊರಟ. ನಗಬೇಡಿ, ಕಾರಣವಿದೆ. ಮದ್ದೂರಿನ ಹೆದ್ದಾರಿ ಹೋಟೆಲೊಂದರಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿದ್ದ ನೇಪಾಳದ ಗೋವಿಂದ ಥಾಪಾ ಅವನ ಜೀವದ ಗೆಳೆಯ. ನಮ್ಮವರಿಗಿಂತ ಚೆನ್ನಾಗಿ ಮುದ್ದೆ ಕಟ್ಟುತ್ತಿದ್ದ ಆಸಾಮಿ. ಅವನಿಗೆ ಬೈಕು ಕಲಿಸಿದ್ದು ಚಿಕ್ಕಣ್ಣನೇ, ಇದೇ ಗಾಡಿಯಲ್ಲಿ. ಊರಿಗೆ ವಾಪಸು ಹೋಗಿದ್ದ ಅವನು ಸೆಪ್ಟೆಂಬರಿನಲ್ಲಿ ಫೋನು ಮಾಡಿದ.

"ಡಿಸೆಂಬರ್‌ನಾಗೆ ಮಗಳ ಮದ್ವೆ ಕಣ್ಲಾ ಸಿವರಾಜ. ನಿಮ್ಮಪ್ಪ ದೊಡ್ಡಯ್ಯ ಅಂತೂ ಇಲ್ಲ. ಅವ್ರ ಗಾಡಿನಾರಾ ನನ್ ಮನೆ ಬಾಗ್ಲಿಗೆ ಬರ್ಲಿ. ಬತ್ತೀಯ ತಾನೆ?"

"ಬತ್ತೀನಿ" ಅಂದುಬಿಟ್ಟ ಶಿವರಾಜು. ಹೇಳುವುದು ಸುಲಭ. ಹೋಗುವುದು ಹೇಗೆ? ಗಡಿಯೇ ಎರಡು ಸಾವಿರ ಕಿಲೋಮೀಟರಿನಾಚೆ.

ಹಾಲಿನ ಡೈರಿಯ ಜಗಲಿಯಲ್ಲಿ ಊರಿನವರ ಮುಂದೆ ವಿಷಯ ಬಾಯಿಬಿಟ್ಟಿದ್ದೇ ತಪ್ಪಾಯಿತು. "ಇಂಜಿನ್ನೇ ಬೇರೆ ಕೂರ್ಸು" ಅಂದ ಜಯಪ್ರಕಾಶ್. ಅವನು ತನ್ನ ಗಾಡಿಯ ಪ್ಲಗ್ಗನ್ನೂ ಬಿಚ್ಚಿದವನಲ್ಲ. "ಇಂಜಿನ್ ಮುಟ್ಬ್ಯಾಡ ಕಣ್ಲಾ, ಮುಟ್ಟಿದ್ರೆ ಕೆಟ್ಟೋಯ್ತದೆ" ಅಂದರು ದೊಡ್ಡಬೀರಯ್ಯ. ಯತೀಶ್ ಫೋನಿನಲ್ಲಿ ವಿಡಿಯೋ ತೋರಿಸಿ ದಪ್ಪ ಟೈರು ಹಾಕು ಅಂದ. ಇನ್ನೊಬ್ಬ ಐದು ಲೀಟರ್ ಪೆಟ್ರೋಲ್ ಕ್ಯಾನಿನಲ್ಲಿ ಕಟ್ಟಿಕೋ ಅಂದ. ಮತ್ತೊಬ್ಬ, ಅಯ್ಯೋ ಬೆಂಕಿ ಹತ್ತುತ್ತೆ ಅಂದ. ಶಿವರಾಜುವಿನ ತಲೆ ಮೊಸರುಗಡಿಗೆಯಾಯಿತು. ಯಾರ ಮಾತು ಕೇಳಬೇಕೆಂದು ತಿಳಿಯದೆ, ಎಲ್ಲರಿಗೂ ಹೂಂ ಅಂದು ಮನೆಗೆ ಬಂದ.

ಮಾರನೇ ದಿನ ಅವನ ಹೆಂಡತಿ ವೀಣ ಹೇಳಿದಳು: "ಮದ್ದೂರಲ್ಲಿ ವನಜಕ್ಕ ಅವ್ರಲ್ಲ, ಬಸ್ ಸ್ಟ್ಯಾಂಡತ್ರ ಸ್ಪೇರ್ ಪಾರ್ಟ್ಸ್ ಅಂಗ್ಡಿ. ಅವ್ರೂ ಗಂಡನೂ ಓದೊರ್ಸದ ಹಿಂದಿನ್ ವರ್ಸ ಹಳೇ ಗಾಡೀಲೇ ನೇಪಾಳುಕ್ಕೆ ಓಗ್ಬಂದ್ರಂತೆ. ಓಗಿ ಬಂದೋರ್ನ ಕೇಳು. ಕುಂತಿರೋರ್ನ ಯಾಕ್ ಕೇಳೀಯೆ?"

ಶಿವರಾಜು ಅಂಗಡಿಗೆ ಒಯ್ದ ಗಾಡಿಯನ್ನು ವನಜಾ ಒಂದು ಸುತ್ತು ಹಾಕಿ ನೋಡಿದರು. ಚೈನು ಎಳೆದರು, ಹ್ಯಾಂಡಲ್ ಅಲ್ಲಾಡಿಸಿದರು, ಚಕ್ರ ತಿರುಗಿಸಿ ಕಿವಿಗೊಟ್ಟರು.

"ಇಂಜಿನ್ ಚೆನ್ನಾಗದೆ, ಬುಡು ಅದ್ನ. ಚೈನು ಸ್ಪ್ರಾಕೆಟ್ ಜೊತೇಲೇ ಬದ್ಲಾಯ್ಸು. ಬ್ರೇಕ್ ಶೂ, ಎರಡೂ ಟೈರು, ಚಕ್ರದ ಬೇರಿಂಗು ಹೊಸದಾಗ್ಲಿ. ಟೈರು ಕಂಪ್ನಿ ಕೊಟ್ಟ ಸೈಜೇ ಇರ್ಲಿ, ದಪ್ಪ ಬ್ಯಾಡ. ಕ್ಲಚ್ ಕೇಬಲ್ಲು, ಪ್ಲಗ್ಗು, ಟ್ಯೂಬು ಒಂದೊಂದು ಬ್ಯಾಗಲ್ಲಿ ಮಡಿಕೋ. ಆಮ್ಯಾಕೆ ಇದ್ನೆಲ್ಲ ಹಾಕ್ಸಿ ಸೀದಾ ಹೊಂಟ್ಬುಡಬ್ಯಾಡ. ಸಾಮಾನು ಕಟ್ಕೊಂಡು ಮೂರ್ನಾಕು ದಪ ಮಳವಳ್ಳಿ ಕಡೆ ಓಗ್ಬಾ. ಬಿಚ್ಕೊಳ್ಳೋ ನಟ್ಟು ಇಲ್ಲೇ ಬಿಚ್ಕೊಳ್ಲಿ."

ಶಿವರಾಜುವಿಗೆ ಜೀವ ಬಂದಂತಾಯಿತು. "ಇಷ್ಟೇನಾ ಅಕ್ಕ?"

"ಎಲ್ಲಿ, ಆರ್‌ಸಿ ತೋರ್ಸು."

ಪ್ಲಾಸ್ಟಿಕ್ ಕವರಿನೊಳಗಿಂದ ಆರ್‌ಸಿ ತೆಗೆದುಕೊಟ್ಟ. ವನಜಾ ಓದಿದರು. ಕನ್ನಡಕ ಮೇಲೆತ್ತಿ ಅವನ ಮುಖ ನೋಡಿದರು.

"ಚಿಕ್ಕಣ್ಣ ಯಾರು?"

"ನಮ್ಮಪ್ಪ. ತೀರ್ಕೊಂಡವ್ರೆ."

"ತೀರ್ಕೊಂಡೋರ್ ಗಾಡೀನ ಗಡಿ ದಾಟುಸ್ತೀಯಾ? ಅಲ್ಲಿ ಕಸ್ಟಮ್ಸ್‌ನೋರು ಗಾಡಿಗೆ ಪರ್ಮಿಟ್ ಕೊಡೋ ಮುಂಚೆ ಆರ್‌ಸಿ ನೋಡ್ತಾರೆ. ಬೇರೆಯೋರ್ ಹೆಸರಲ್ಲಿದ್ರೆ ಒಪ್ಪಿಗೆ ಪತ್ರ ಕೇಳ್ತಾರೆ. ನಿಮ್ಮಪ್ಪನ ತಾವಿಂದ ಅದ್ನ ಎಂಗ್ ತತ್ತೀಯ? ಅದೂ ಇರ್ಲಿ. ಹದಿನೈದು ವರ್ಸ ಆಗಿ ಈ ಆರ್‌ಸಿ ಅವಧೀನೂ ಮುಗ್ದದೆ. ಇದ್ರಲ್ಲಿ ನೀನು ಮಂಡ್ಯಕ್ಕೆ ಓಗೋದೇ ತಪ್ಪು."

ಎಲ್ಲ ಬಣ್ಣ ಮಸಿ ನುಂಗಿತು. ನಾಲ್ಕು ವರ್ಷದಿಂದ ದಿನಾ ಓಡಿಸಿದ ಗಾಡಿ ತನ್ನದಲ್ಲವೆಂದರೆ ಯಾರಿಗೆ ತಾನೆ ಅರ್ಥವಾದೀತು? ವನಜಾ ಚೀಟಿಯಲ್ಲಿ ಬರೆದುಕೊಟ್ಟರು. ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ. ಇವಿಷ್ಟನ್ನೂ ಆರ್‌ಟಿಓ ಕಚೇರಿಗೆ ಕೊಟ್ಟು ಹೆಸರು ಬದಲಾಯಿಸಬೇಕು, ಗಾಡಿ ತೋರಿಸಿ ಆರ್‌ಸಿ ನವೀಕರಿಸಬೇಕು. ಇನ್ಶೂರೆನ್ಸು, ಹೊಗೆ ತಪಾಸಣೆ ಚೀಟಿ ಆಗಬೇಕು. ನೇಪಾಳಕ್ಕೂ ಇನ್ಶೂರೆನ್ಸ್ ಅನ್ವಯಿಸುತ್ತದೆಯೇ ಎಂದು ಮೊದಲೇ ಕೇಳಬೇಕು. ಗುರುತಿಗೆ ಆಧಾರ್ ನೆಚ್ಚಿಕೊಳ್ಳದೆ ಪಾಸ್‌ಪೋರ್ಟೋ ಓಟರ್ ಐಡಿಯೋ ಅಸಲನ್ನೇ ಒಯ್ಯಬೇಕು.

ಮನೆಯಲ್ಲಿ ತಾಯಿ ಚಿಕ್ಕಬೋರಮ್ಮ ಕೇಳಿದವರೇ ಸಿಡಿದರು. "ಗದ್ದೆ ಪಾಣೀಲಿ ಇನ್ನೂ ನಿಮ್ಮ ತಾತನ್ ಎಸ್ರೇ ಅದೆ. ಅವ್ರು ಸತ್ತು ಮೂವತ್ತೊರ್ಸ ಆಯ್ತು. ಅದ್ಕೆ ಭೂಮಿ ಬೆಳೆ ಕೊಡಾದ ಬುಟ್ಟದಾ? ನಿಮ್ಮಪ್ಪನ್ ಎಸ್ರು ಅಳಿಸೋಕೆ ನಿಂಗೆ ಅದೇನ್ ಆತ್ರ ಲಾ?"

ಶಿವರಾಜುವಿಗೆ ಅವ್ವ ಹೇಳುವುದೂ ಸರಿ ಅನ್ನಿಸುತ್ತಿತ್ತು, ವನಜಕ್ಕ ಹೇಳುವುದೂ ಸರಿ ಅನ್ನಿಸುತ್ತಿತ್ತು. ವಾರವಿಡೀ ಗೊಣಗಿದ ಮೇಲೆ ಅವ್ವ "ಏನಾರ ಮಾಡ್ಕೊ" ಅಂದರು. ಶಿವರಾಜು ಮಂಡ್ಯದಲ್ಲಿ ಒಬ್ಬ ಟೈಪಿಸ್ಟ್ ಹತ್ತಿರ ಹೋಗಿ, ಅಪ್ಪನದು ನನ್ನ ಹೆಸರಿಗೆ ಬರಬೇಕು, ತಂಗಿ ಒಪ್ಪಿಗೆ ಬೇಕು ಅಂದ. ಟೈಪಿಸ್ಟ್ ಹತ್ತೇ ನಿಮಿಷದಲ್ಲಿ ಛಾಪಾ ಕಾಗದದ ಮೇಲೆ ಎರಡು ಪುಟ ಬಡಿದುಕೊಟ್ಟ. ಶಿವರಾಜು ಓದಲಿಲ್ಲ. ಕಾಗದ ಪತ್ರವೆಂದರೆ ನಮಗೆ ಅಷ್ಟು ಭಕ್ತಿ, ಕಣ್ಣಿಗೊತ್ತಿಕೊಳ್ಳುತ್ತೇವೆ, ಓದುವುದಿಲ್ಲ.

ತಂಗಿ ಮಂಜುಶ್ರೀಯನ್ನು ಕೊಟ್ಟಿದ್ದು ಮಳವಳ್ಳಿಗೆ. ಹೊಲಿಗೆ ಕೆಲಸ ಮಾಡುತ್ತಾಳೆ. ವನಜಾ ಹೇಳಿದ್ದನ್ನೆಲ್ಲ ಗಾಡಿಗೆ ಹಾಕಿಸಿ, ಪರೀಕ್ಷೆಯೂ ಆಗುತ್ತದೆ, ಸಹಿಯೂ ಆಗುತ್ತದೆ ಎಂದು ಶಿವರಾಜು ಎರಡು ಚೀಲ ಕಟ್ಟಿಕೊಂಡು ಹೊರಟ. ಆ ಅವಧಿ ಮುಗಿದ ಗಾಡಿಯಲ್ಲೇ! ಗೊತ್ತಿದ್ದೂ ಮಾಡುವ ತಪ್ಪಿಗೆ ನಾನೇನು ಹೇಳಲಿ.

ಅಣ್ಣನನ್ನು ಕಂಡು ಮಂಜುಶ್ರೀಯ ಮುಖ ಅರಳಿತು. ಕಾಫಿ ಕೊಟ್ಟಳು. ಉಪ್ಪಿಟ್ಟಿಗೆ ರವೆ ಹುರಿಯಲು ಇಟ್ಟಳು. ಆಗ ಶಿವರಾಜು ಕಾಗದ ತೆಗೆದು, "ಇಲ್ಲೊಂದು ಸೈನ್ ಹಾಕವ್ವ" ಅಂದ.

ಅವಳು ಒಲೆ ಆರಿಸಿದಳು. ಕಾಗದ ತೆಗೆದುಕೊಂಡಳು. ಮೊದಲ ಪುಟ ಮುಗಿಯುವಷ್ಟರಲ್ಲಿ ಅಳುತ್ತಾ ಅದನ್ನು ಅಣ್ಣನ ಕಡೆ ತಳ್ಳಿದಳು.

"ಅಣ್ಣ ನೋಡ್ಕೊಂಡ್ ಓಗೋಕೆ ಬಂದವ್ನೆ ಅನ್ಕಂಡೆ. ನೀನೂ ಎಲ್ರಂಗೇ ಸೈನ್ ಹಾಕ್ಸೋಕೆ ಬಂದ್ಯಾ?"

"ಬೈಕಿಗೆ ಕಣಮ್ಮ! ಬರೀ ಬೈಕಿಗೆ!"

"ನಮ್ ಬೀದಿ ಅನೂಗೂ ಅವ್ಳ ಅಣ್ಣ ಬ್ಯಾಂಕ್ ಲೋನಿಗೆ ಅಂತ್ಲೇ ಏಳಿದ್ದು. ಓಗು ಅಣ್ಣ. ಇದ್ರ ಮ್ಯಾಲೆ ನಾನು ಸೈನ್ ಹಾಕಾಕಿಲ್ಲ."

ಶಿವರಾಜುವಿಗೆ ಏನೂ ತಿಳಿಯಲಿಲ್ಲ. ಲಟಾರಿ ಬೈಕಿಗೆ ತಂಗಿ ಯಾಕೆ ಅಳುತ್ತಾಳೆ? ಸಿಟ್ಟು ಬಂತು, ಅಳುವೂ ಬಂತು. ದಾರಿಯುದ್ದಕ್ಕೂ ಅವಳ ಮಾತೇ ತಲೆಯಲ್ಲಿ ತಿರುಗುತ್ತಿತ್ತು. ಗೋವಿಂದನ ಮಗಳ ಮದುವೆಯೂ ಹೋಯಿತು, ತಂಗಿಯೂ ಹೋದಳು ಅನ್ನಿಸಿ ಮದ್ದೂರಿನಲ್ಲಿ ಗಾಡಿ ನಿಲ್ಲಿಸಿದ.

ವನಜಾ ಎಲ್ಲ ಕೇಳಿ, "ಕೊಡಿಲ್ಲಿ ಕಾಗ್ದವ" ಅಂದರು. ಗಟ್ಟಿಯಾಗಿ ಓದಿದರು: "...ನಮ್ಮ ತಂದೆಯವರಿಗೆ ಸೇರಿದ ಸಮಸ್ತ ಸ್ಥಿರ ಹಾಗೂ ಚರ ಆಸ್ತಿಗಳಲ್ಲಿ ನನಗಿರುವ ಹಕ್ಕನ್ನು ನನ್ನ ಅಣ್ಣನವರಿಗೆ ಬಿಟ್ಟುಕೊಟ್ಟಿರುತ್ತೇನೆ..." ಓದುವುದನ್ನು ನಿಲ್ಲಿಸಿದರು. "ಇದ್ರಲ್ಲಿ ಬೈಕ್ ನಂಬರೇ ಇಲ್ವಲ್ಲೋ. ಮನೆ, ಗದ್ದೆ ಎಲ್ಲ ಅದೆ."

ಟೈಪಿಸ್ಟ್ ಮೋಸ ಮಾಡಿರಲಿಲ್ಲ. ನಮ್ಮಲ್ಲಿ ಅಣ್ಣಂದಿರು ತಂಗಿಯ ಸಹಿ ಕೇಳುವುದೇ ಆಸ್ತಿ ಬಿಡಿಸಿಕೊಳ್ಳುವುದಕ್ಕೆ. ಇವನೂ ಅದಕ್ಕೇ ಬಂದಿದ್ದಾನೆಂದು ಆತ ತಿಳಿದು, ದಿನಾ ಹೊಡೆಯುವ ನಮೂನೆಯನ್ನೇ ಹೊಡೆದಿದ್ದ. ಶಿವರಾಜು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತ.

"ನಾನು ಓದ್ನಿಲ್ಲ ಅಕ್ಕ. ನನ್ ತಂಗಿ ಓದಿದ್ಲು."

"ಅವ್ಳು ಓದಿದ್ಕೇ ನೀನು ಇವತ್ತು ಉಳ್ಕೊಂಡೆ. ಸುಮ್ನೆ ಸೈನ್ ಹಾಕಿದ್ದಿದ್ರೆ ತಂಗಿ ಪಾಲ್ ನುಂಗ್ದೋನು ಆಯ್ತಿದ್ದೆ. ಅರ್ದಾಕು ಇದ್ನ."

ಅಲ್ಲೇ ಹರಿದುಹಾಕಿದ. ಹೊಸ ಕಾಗದವನ್ನು ವನಜಾ ಎದುರಿಗೇ ಬರೆಸಿದ. ಗಾಡಿಯ ನಂಬರು, ಇಂಜಿನ್ ನಂಬರು, ಚಾಸಿ ನಂಬರು, ಅಷ್ಟೇ. ಭಾನುವಾರ ಬೈಕು ಮನೆಯಲ್ಲೇ ಬಿಟ್ಟು, ಅವ್ವನನ್ನು ಕರೆದುಕೊಂಡು ಬಸ್ಸಿನಲ್ಲಿ ಮಳವಳ್ಳಿಗೆ ಹೋದ. ಒಳಗೆ ಕಾಲಿಡುವ ಮೊದಲೇ ತಂಗಿಗೆ ಹೇಳಿದ: "ತಪ್ಪು ನಂದೇ ಕಣವ್ವ. ಅದ್ರಲ್ಲಿ ಏನ್ ಬರ್ದಿತ್ತು ಅಂತ ನಾನೇ ನೋಡಿರ್ನಿಲ್ಲ. ಇದ್ನ ನೀನೇ ಓದು. ಇಷ್ಟ ಆದ್ರೆ ಹಾಕು."

ಮಂಜುಶ್ರೀ ಎರಡು ಸಲ ಓದಿದಳು. ನಂಬರುಗಳನ್ನು ಆರ್‌ಸಿ ಜೊತೆ ತಾಳೆ ನೋಡಿದಳು. ಸಹಿ ಹಾಕಿದಳು. ಪೆನ್ನಿನ ಮುಚ್ಚಳ ಹಾಕಿ ಅವ್ವನ ಕಡೆ ತಿರುಗಿದಳು.

"ಗಾಡಿ ಅಣ್ಣುಂಗೆ. ಸಂತೋಸ. ಪಾಣೀಲಿ ತಾತನ್ ಎಸ್ರು ತಗುದು ಎಲ್ರುದೂ ಸೇರುಸ್ಬೇಕು. ನಂದೂವೆ. ಅಣ್ಣ ನೇಪಾಳುಕ್ ಓಗೋ ಮೊದ್ಲೇ ಅರ್ಜಿ ಕೊಡ್ಬೇಕು."

ಶಿವರಾಜು ಅವ್ವನ ಮುಖ ನೋಡಿದ. ಚಿಕ್ಕಬೋರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ನಮ್ಮಣ್ಣ ಒಂದಿನ ಕಾಗ್ದ ತಂದಿದ್ದ" ಅಂದರು. "ಏನು ಅಂತ ನಾನು ಕೇಳ್ನಿಲ್ಲ. ಎಬ್ಬೆಟ್ಟು ಒತ್ಬುಟ್ಟೆ. ಆಮೇಲೆ ತವರ್‌ಮನೆ ಬಾಗ್ಲು ತುಳಿಯೋಕೆ ಮನ್ಸಾಗ್ನಿಲ್ಲ." ಮಗನ ಕಡೆ ನೋಡಿ ಗದರಿದರು: "ಯಾಕ್ಲಾ ಅಂಗ್ ನಿಂತಿದ್ದೀಯ? ಸೇರುಸ್ಲಾ ಅವಳ್ ಎಸ್ರವ!"

ತಾಲ್ಲೂಕು ಕಚೇರಿಗೆ ಅರ್ಜಿ ಹೋಯಿತು. ಆರ್‌ಟಿಓದಲ್ಲಿ ಗಾಡಿ ಪಾಸಾಯಿತು, ಶಿವರಾಜು ಹೆಸರಿನ ಆರ್‌ಸಿ ಬಂತು. ಆಮೇಲೆ ಮೂರು ಸಲ ಲೋಡು ಕಟ್ಟಿ ಮಳವಳ್ಳಿಗೆ ಹೋಗಿ ಬಂದ. ಎರಡನೇ ಸಲಕ್ಕೆ ಸೈಲೆನ್ಸರಿನ ಬೋಲ್ಟು ಸಡಿಲವಾಯಿತು, ಬಿಗಿಸಿಕೊಂಡ. ನವೆಂಬರಿನ ಕೊನೆಯಲ್ಲಿ ಹೊರಟವನು ದಿನಕ್ಕೆ ಇನ್ನೂರೈವತ್ತು ಕಿಲೋಮೀಟರಿಗಿಂತ ಹೆಚ್ಚು ಓಡಿಸದೆ, ಮದುವೆಗೆ ಮೂರು ದಿನ ಮುಂಚೆ ಗಡಿ ಮುಟ್ಟಿದ. ಅಲ್ಲಿ ಅಧಿಕಾರಿ ಆರ್‌ಸಿ ನೋಡಿ, ಅವನ ಓಟರ್ ಐಡಿ ನೋಡಿ, ಪರ್ಮಿಟ್ ಚೀಟಿ ಕೊಟ್ಟು ಕೈ ಬೀಸಿದ. ಗೋವಿಂದ ತನ್ನೂರಿನ ಬೀದಿಯ ತುದಿಯಲ್ಲೇ ನಿಂತಿದ್ದ. ಬೈಕಿನ ಟ್ಯಾಂಕು ತಬ್ಬಿಕೊಂಡು ಗೊಳೋ ಎಂದು ಅತ್ತ.

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನೀವು ನೇಪಾಳಕ್ಕೆ ಹೋಗದಿರಬಹುದು. ಸಂತೆಗೆ ಹೋಗುತ್ತೀರಲ್ಲ? ಇವತ್ತೇ ನಿಮ್ಮ ಗಾಡಿಯ ಆರ್‌ಸಿ ತೆಗೆದು ನೋಡಿ. ಯಾರ ಹೆಸರಿದೆ, ಯಾವ ತಾರೀಖಿನವರೆಗಿದೆ? ಯಜಮಾನರು ತೀರಿಕೊಂಡಿದ್ದರೆ ಮೂರು ತಿಂಗಳೊಳಗೆ ಹೆಸರು ಬದಲಾಯಿಸಲು ಅರ್ಜಿ ಕೊಡಬೇಕು. ತಡವಾಗಿದ್ದರೂ ನಾಚಬೇಡಿ, ಆರ್‌ಟಿಓ ಕಚೇರಿಯಲ್ಲಿ ಕೇಳಿ ಮಾಡಿಸಿ. ಮನೆಯ ಹೆಣ್ಣುಮಕ್ಕಳ ಸಹಿ ಬೇಕಾದರೆ ಕಾಗದವನ್ನು ಮೊದಲು ನೀವು ಓದಿ, ಆಮೇಲೆ ಅವರ ಕೈಗೆ ಕೊಟ್ಟು ಓದಲು ಬಿಡಿ. ಮತ್ತು ತಾಯಂದಿರೇ, ಕಾಗದ ತಂದವನು ಒಡಹುಟ್ಟಿದ ಅಣ್ಣನೇ ಆಗಿರಲಿ, "ವಸಿ ತಡಿ, ಓದ್ತೀನಿ" ಅನ್ನಿ. ಒಳ್ಳೆಯ ಅಣ್ಣನಾದರೆ ಕಾಯುತ್ತಾನೆ.