ಭುಜದ ಮಾಂಸ ಬೇಯುವವರೆಗೆ

ಹೆಂಡತಿ ತೀರಿಕೊಂಡ ಮೇಲೂ ಅಳಿಯ ಭಾನುವಾರ ಮಾವನ ಮನೆಗೆ ಬರುವುದನ್ನು ಬಿಟ್ಟಿರಲಿಲ್ಲ. ವೆಲ್ಡಿಂಗ್ ಕೆಲಸದ ಮಾವ ಆ ದಿನವೂ ಹಿತ್ತಲಿನ ಗ್ರಿಲ್‌ನಲ್ಲಿ ಹಂದಿಯ ಭುಜದ ದಪ್ಪ ತುಂಡು, ಪಕ್ಕೆಲುಬು, ಹೊಟ್ಟೆಯ ಭಾಗ ಎಲ್ಲವನ್ನೂ ಒಟ್ಟಿಗೆ ಹೊಗೆಗಿಟ್ಟಿದ್ದರು. ಕೆಂಡವನ್ನು ಒಂದು ಬದಿಗೆ ಸರಿಸಿ, ಮಾಂಸವನ್ನು ಇನ್ನೊಂದು ಬದಿಗಿಟ್ಟು ಮುಚ್ಚಳ ಹಾಕಿದ್ದರು.

ಅಳಿಯ ಮಾತಿಗೆ ಬಾಯಿ ತೆರೆಯುವುದು, ಸುಮ್ಮನಾಗುವುದು ನಡೆದೇ ಇತ್ತು.

"ಏನೋ ಗಂಟಲಲ್ಲೇ ಇಟ್ಕೊಂಡು ಕೂತಿದೀಯ. ಹೇಳಿಬಿಡು," ಎಂದರು ಮಾವ.

"ಮಾವ, ಇನ್ನೊಂದು ಮದುವೆ ಆಗ್ಬೇಕು ಅಂತಿದೀನಿ. ಬೇರೆಯವರ ಬಾಯಿಂದ ನಿಮ್ಮ ಕಿವಿಗೆ ಬೀಳೋದು ಬೇಡ ಅಂತ ಬಂದೆ."

ಮಾವ ಮುಚ್ಚಳ ಎತ್ತಿ, ಬೆಂದಿದ್ದ ಪಕ್ಕೆಲುಬುಗಳನ್ನು ತಟ್ಟೆಗೆ ತೆಗೆದರು. ಆಮೇಲೆ ತೋಳಿನಿಂದ ಕಣ್ಣೊರೆಸಿಕೊಂಡರು. ಹೊಗೆ ಆಚೆ ಕಡೆಗೆ ಹೋಗುತ್ತಿತ್ತು.

"ಆ ಹುಡುಗಿ ಹಂದಿ ತಿಂತಾಳಾ?"

"ತಿಂತಾಳೆ, ಮಾವ."

"ಹಾಗಾದ್ರೆ ಹೋಗಿ ಕರ್ಕೊಂಡು ಬಾ. ಭುಜದ್ದು ಬೇಯೋ ಹೊತ್ತಿಗೆ ಸಂಜೆ ಆಗುತ್ತೆ."

ಅಳಿಯ ಗೇಟು ದಾಟುವವರೆಗೂ ಮಾವ ಗ್ರಿಲ್ ಬಳಿಯಿಂದ ಅಲುಗಲಿಲ್ಲ. ನಂತರ ಒಳಗೆ ಹೋಗಿ, ಮಗಳು ಹೋದಾಗಿನಿಂದ ಮೂಲೆಯಲ್ಲಿದ್ದ ಅವಳ ಕುರ್ಚಿಯನ್ನು ಹಿತ್ತಲಿಗೆ ತಂದರು. ಧೂಳು ಒರೆಸಿದರು. ಸ್ವಲ್ಪ ಹೊತ್ತು ನಿಂತು ನೋಡಿ, ಮತ್ತೊಮ್ಮೆ ಒರೆಸಿದರು.