ಬಾಂಬಿನ ದಿನ ತೆರೆದ ಅಗಸಿ

ಬುದ್ಧನ ಮೂರ್ತಿಯನ್ನು ಕಲಬುರಗಿಯಿಂದ ನಮ್ಮೂರು ಕಮಲಾಪುರದವರೆಗೆ ತೊಡೆಯ ಮೇಲೇ ಇಟ್ಟುಕೊಂಡು ಬಂದೆ. ಪ್ಲಾಸ್ಟರಿನ ಮೂರ್ತಿ, ಅವ್ವನ ಹಳೆಯ ಸೀರೆಯಲ್ಲಿ ಸುತ್ತಿದ್ದೆ. ಕಂಡಕ್ಟರ್ ಎರಡು ಸಲ ಕೆಳಗಿಡು ಅಂದ. ಇಟ್ಟು ಒಡೆದರೆ ಓಣಿಯವರಿಗೆ ಏನು ಹೇಳಲಿ ಎಂದು ಇಡಲಿಲ್ಲ. ಬಸ್ಸಿಳಿಯುವಾಗ ಎರಡೂ ಕಾಲು ಜೋಮು ಹಿಡಿದಿದ್ದವು. ಸ್ವಲ್ಪ ಹೊತ್ತು ಯಾರದೋ ಕಾಲ ಮೇಲೆ ನಿಂತಂತಿತ್ತು.

ಅದು ೧೯೯೮ರ ಮೇ ತಿಂಗಳ ಬುದ್ಧ ಪೂರ್ಣಿಮೆ. ಹಗಲು ಕಲಬುರಗಿಯ ಸೇಡಂ ರಸ್ತೆಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿ, ಸಂಜೆ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ಓದಿದವನು ಎಂದು ನಮ್ಮ ಓಣಿಯವರು ನನ್ನನ್ನು ಬುದ್ಧ ವಿಹಾರ ಸಮಿತಿಯ ಕಾರ್ಯದರ್ಶಿ ಮಾಡಿದ್ದರು. ತಗಡಿನ ಚಾವಣಿಯ ಒಂದೇ ಕೋಣೆಯ ವಿಹಾರ. ಆದರೂ ಏನಾದರೂ ತಪ್ಪಾದರೆ ಅದು ನನ್ನಿಂದಲೇ ಆದೀತು ಎಂಬ ಹೆದರಿಕೆ ನನಗೆ ಯಾವಾಗಲೂ ಇತ್ತು.

ಅಪ್ಪನ ಆಸೆ ಒಂದೇ. ಬುದ್ಧನ ಮೆರವಣಿಗೆ ಅಗಸಿಯೊಳಗಿಂದ ಹೋಗಬೇಕು. ಅಗಸಿ ಅಂದರೆ ಊರಿನ ಹಳೆಯ ಕಲ್ಲಿನ ಬಾಗಿಲು. ಅದರೊಳಗೆ ಪೇಟೆ, ದೊಡ್ಡವರ ಮನೆಗಳು. ನಾನು ಸಣ್ಣವನಿದ್ದಾಗ ಅಪ್ಪ ಬಾಬಾಸಾಹೇಬರ ಫೋಟೋ ಹಿಡಿದು ಅದರೊಳಗೆ ಹೊಕ್ಕಿದ್ದ. ಎಡಗಡೆಯ ಕಟ್ಟೆಯಿಂದ ಬಂದ ಕಲ್ಲು ಎಡಗಿವಿಯ ಮೇಲೆ ಬಿತ್ತು. ಆ ಕಿವಿ ಮತ್ತೆ ಕೇಳಲಿಲ್ಲ. ಅಂದಿನಿಂದ ನಮ್ಮ ಮೆರವಣಿಗೆ ಊರ ಹಿಂದಿನ ಹಾದಿಯಲ್ಲೇ ಹೋಗುತ್ತಿತ್ತು. ಪ್ರತಿ ವರ್ಷ ಪಂಚಾಯ್ತಿ ಮೆಂಬರ ಗುರುಲಿಂಗಪ್ಪನವರನ್ನು ಕೇಳುವುದು, ಅವರು "ಮುಂದಿನ ವರ್ಷ ನೋಡೂಣು ತಗೋ" ಅನ್ನುವುದು. ಆ ವರ್ಷವೂ ಹಾಗೇ ಅಂದಿದ್ದರು.

ಸಂಜೆ ಅವ್ವ ವಿಹಾರದ ಮುಂದೆ ಪಾಯಸ ತಿರುವುತ್ತಿದ್ದಳು. ಗೆಳೆಯ ಅಂಬಣ್ಣ ಟ್ರ್ಯಾಕ್ಟರಿಗೆ ಕೆಂಪು ಬಾಳೆಯ ಗೊನೆ ಕಟ್ಟುತ್ತಿದ್ದ. ಮೂರ್ತಿಯನ್ನು ಟ್ರಾಲಿಯಲ್ಲಿ ಕೂಡಿಸಿಯಾಗಿತ್ತು. ಅಷ್ಟರಲ್ಲಿ ಅಗಸಿಯ ಕಡೆಯಿಂದ ಪಟಾಕಿ ಸದ್ದು ಕೇಳಿತು. ಗುರುಲಿಂಗಪ್ಪನವರು ಹತ್ತಾರು ಮಂದಿಯ ಜೊತೆ ನಮ್ಮ ಓಣಿಗೇ ಬಂದರು. ಅವರು ಹಾಗೆ ಬಂದದ್ದು ನಾನು ಇಲೆಕ್ಷನ್ನಿನಲ್ಲಿ ಮಾತ್ರ ಕಂಡಿದ್ದೆ.

"ಸೂರ್ಯಕಾಂತಾ, ಸುದ್ದಿ ಕೇಳಿದೇನೋ? ಪೋಖರಣದಾಗ ಬಾಂಬ್ ಹಾರ್ಸ್ಯಾರ! ಅಣುಬಾಂಬ್! ಒಂದಲ್ಲ, ಮೂರು! ಟೀವ್ಯಾಗ ಹೇಳಿದ್ರು ಈಗ. ಅದೂ ನಿಮ್ಮ ಬುದ್ಧನ ಹಬ್ಬದ ದಿನಾನೇ ನೋಡು!"

ನನ್ನ ಬಾಯಿಗೆ ಪೇಢೆ ಇಟ್ಟರು. ನುಂಗಿದೆ.

"ಇವತ್ತು ಜುಲೂಸ ಅಗಸ್ಯಾಗಿಂದ ಬರ್ಲಿ. ನಾವೂ ಕೂಡ್ತೀವಿ. ಎಲ್ಲಾ ಒಂದೇ ಇವತ್ತು."

ಅಪ್ಪ ಬಲಗಿವಿ ಮುಂದೆ ಮಾಡಿಕೊಂಡು ಬಂದ. "ಏನಂತಾರೋ?"

"ಅಗಸ್ಯಾಗಿಂದ ಬರ್ರಿ ಅಂತಾರ, ಅಪ್ಪ."

ಅಪ್ಪ ಒಳಗೆ ಹೋಗಿ ಒಗೆದ ಧೋತರ ಉಟ್ಟು ಬಂದ.

ಅವರೊಂದಿಗೆ ಬಂದ ಹುಡುಗರ ಹೆಗಲ ಮೇಲೆ ಒಂದು ರಾಕೆಟ್ ಇತ್ತು. ಬೋರ್‌ವೆಲ್ಲಿನ ಪೈಪಿಗೆ ಬೆಳ್ಳಿ ಕಾಗದ ಸುತ್ತಿ, ತುದಿಗೆ ಚೂಪಾದ ರಟ್ಟಿನ ಟೊಪ್ಪಿಗೆ ಹಾಕಿದ್ದರು. ಅದನ್ನು ಟ್ರಾಲಿಗೆ ಏರಿಸಿದರು.

ಅವ್ವ ಪಾಯಸದ ಸೌಟು ಹಿಡಿದೇ ಎದ್ದಳು. "ತಮ್ಮಾ, ಬುದ್ಧನ ಬಗಲಾಗ ಇದ್ಯಾಕ?"

"ಕಸ್ತೂರಿಬಾಯಿ, ಅದಕ್ಕೇನ್ ಉಣ್ಲಾಕ ಹಾಕಬೇಕಾಗಿಲ್ಲ ನೀ," ಎಂದರು ಗುರುಲಿಂಗಪ್ಪ. ಎಲ್ಲರೂ ನಕ್ಕರು. ನಮ್ಮವರೂ ನಕ್ಕರು.

"ಸೆಕ್ರೆಟ್ರಿ, ನೀ ಹೇಳಪ್ಪ," ಎಂದ ಅಂಬಣ್ಣ. "ಇಂಜಿನ್ ಚಾಲೂ ಮಾಡ್ಲೋ ಬ್ಯಾಡೋ?"

ಎಲ್ಲರೂ ನನ್ನನ್ನು ನೋಡಿದರು. ಬೇಡ ಅಂದರೆ ಅಗಸಿ ಇಲ್ಲ. ಬೇಡ ಅಂದರೆ ಇವರು ದೇಶದ ಖುಷಿಯಲ್ಲಿ ಕೂಡದವರು ಎಂಬ ಮಾತು ನಾಳೆ ಹುಟ್ಟುತ್ತದೆ. ಹೂಂ ಅಂದರೆ ಅವ್ವನ ಪ್ರಶ್ನೆಗೆ ಉತ್ತರವಿಲ್ಲ. ಅಪ್ಪನ ಧೋತರದ ಮಡಿಕೆ ಇನ್ನೂ ಬಿಚ್ಚಿಕೊಂಡಿರಲಿಲ್ಲ. ನಾನು ಅದನ್ನೇ ನೋಡುತ್ತ ತಲೆಯಾಡಿಸಿದೆ. ಹುಡುಗರು ರಾಕೆಟ್ಟನ್ನು ತಂತಿಯಿಂದ ಬುದ್ಧನ ಹೆಗಲಿಗೇ ಬಿಗಿದರು.

ಅಗಸಿಯೊಳಗೆ ಹೊಕ್ಕೆವು. ಮೇಲಿನಿಂದ ಗುಲಾಲು ಬಿತ್ತು. ಹಲಗೆ, ಪಟಾಕಿ, ಹೊಗೆ. ಬುದ್ಧನಿಗೆ ಜೈ ಎಂದು ನಮ್ಮವರು ಒಂದೆರಡು ಸಲ ಕೂಗಿದರು, ಆಮೇಲೆ ಆ ಕೂಗು ಬಾಂಬಿಗೆ ಜೈ ಅನ್ನುವ ಕೂಗಿನಲ್ಲಿ ಕಲೆತುಹೋಯಿತು. ಎಡಗಡೆಯ ಕಟ್ಟೆಯ ಮುಂದೆ ಅಪ್ಪ ನಿಂತ. ಅಲ್ಲಿ ಕುಳಿತಿದ್ದ ಮುದುಕರೊಬ್ಬರು ಎದ್ದು ಬಂದು ಅವನ ಹಣೆಗೆ ಗುಲಾಲು ಹಚ್ಚಿದರು. ಅಪ್ಪ ನನ್ನ ಕಡೆ ಬಾಗಿದ.

"ಯಾರಿಗಿ ಜೈ ಅನ್ಲಾಕತ್ತಾರೋ?"

"ಬುದ್ಧಗ, ಅಪ್ಪ. ನಮಗ."

ಅಪ್ಪ ತಲೆಯಾಡಿಸಿ ಮುಂದೆ ನಡೆದ. ಇಷ್ಟು ವರ್ಷ ಕಾದದ್ದು ಆಗುತ್ತಿದೆ, ಖುಷಿ ಪಡು ಎಂದು ನನಗೆ ನಾನೇ ಹೇಳಿಕೊಂಡೆ. ಏನೂ ಆಗಲಿಲ್ಲ. ಮಧ್ಯಾಹ್ನ ಬಸ್ಸಿಳಿದಾಗಿನ ಕಾಲುಗಳಂತೆಯೇ ಇತ್ತು ಒಳಗೆ.

ತಿಂಗಳ ಕೊನೆಗೆ ಪಾಕಿಸ್ತಾನದವರೂ ಹಾರಿಸಿದರು. ಸಂಜೆ ಕಾಲೇಜಿನಲ್ಲಿ ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ತಕ್ಕಡಿ ಬರೆದು, ಈ ಅಸ್ತ್ರ ಬಳಸುವುದಕ್ಕಲ್ಲ, ಇಟ್ಟುಕೊಳ್ಳುವುದಕ್ಕೆ ಎಂದರು. ಇಬ್ಬರ ಕೈಯಲ್ಲೂ ಇದ್ದರೆ ಇಬ್ಬರೂ ಅಂಜುತ್ತಾರೆ, ಯಾರೂ ಯಾರನ್ನೂ ಮುಟ್ಟುವುದಿಲ್ಲ. ನಾನು ಅದನ್ನು ಪರೀಕ್ಷೆಯಲ್ಲಿ ಹಾಗೇ ಬರೆದೆ. ತಿಳಿದು ಬರೆದೆನೋ ಇಲ್ಲವೋ ಈಗಲೂ ಗೊತ್ತಿಲ್ಲ. ಊರಿಗೆ ಹೋದಾಗ ಅಪ್ಪನಿಗೂ ಹೇಳಿದೆ.

"ಅಂದ್ರ, ಅಂಜಿಸಿದ್ರ ಮರ್ಯಾದಿ ಕೊಡ್ತಾರ," ಎಂದ ಅಪ್ಪ.

"ಹಾಂಗೇ ಅಂತಾರ, ಅಪ್ಪ."

"ನಮ್ಮ ಕೈಯಾಗ ಏನದ?"

ಮೇಷ್ಟ್ರು ಅದನ್ನು ಹೇಳಿರಲಿಲ್ಲ.

ಮರು ವರ್ಷ ಪೂರ್ಣಿಮೆ ಏಪ್ರಿಲ್ ಕೊನೆಗೆ ಬಂತು. ಒಮ್ಮೆ ತೆರೆದ ಹಾದಿ, ಕೇಳುವುದೇ ಬೇಡ ಎಂದ ಅಂಬಣ್ಣ. ನನಗೆ ಧೈರ್ಯ ಸಾಲಲಿಲ್ಲ, ಬೆಳಿಗ್ಗೆಯೇ ಗುರುಲಿಂಗಪ್ಪನವರ ಮನೆಗೆ ಹೋದೆ. ಅವರು ಚಹಾ ಕೊಡಿಸಿದರು.

"ಹ್ವಾದ ವರ್ಷದ್ದು ದೇಶದ ಜುಲೂಸ ಇತ್ತಲ್ಲಪ್ಪ. ಅದು ಬ್ಯಾರೆ. ಈ ಸಲ ಎಲ್ಲಿ ಏನ್ ಹಾರ್ಸ್ಯಾರ?" ಎಂದು ನಕ್ಕರು. "ಮುಂದಿನ ವರ್ಷ ನೋಡೂಣು ತಗೋ. ಸುಮ್ನ ಗದ್ದಲ ಬ್ಯಾಡ."

ನಾನು ಚಹಾ ಕುಡಿದು ಬಂದೆ.

ಅಪ್ಪ ಒಗೆದ ಧೋತರ ಉಟ್ಟು ಟ್ರಾಲಿಯ ಹತ್ತಿರ ನಿಂತಿದ್ದ. ಬುದ್ಧನ ಹೆಗಲಿನ ಮೇಲೆ ತಂತಿ ಕೊರೆದ ಗೆರೆಗೆ ಅವ್ವ ಸುಣ್ಣ ಹಚ್ಚಿದ್ದಳು. ಆ ಬಿಳಿ ಬೇರೆಯೇ ಕಾಣುತ್ತಿತ್ತು. ನಾನು ಅಪ್ಪನ ಬಲಗಡೆಗೆ ಹೋಗಿ ನಿಂತೆ.

"ಇಲ್ಲ ಅಂದ್ರೇನು?"

"ಹೂಂ."

ಅಪ್ಪ ಟ್ರಾಲಿಯ ಹಲಗೆ ಹಿಡಿದುಕೊಂಡ. "ಹ್ವಾದ ವರ್ಷ ಅವರು ಜೈ ಅಂದಿದ್ದು ಬಾಂಬಿಗಿ. ನೀ ನನಗ ಸುಳ್ಳ ಹೇಳಿದಿ."

"ಹೌದಪ್ಪ."

"ಗೊತ್ತಿತ್ತು. ಒಂದ ಕಿವಿ ಛಲೋನೇ ಅದಲೋ ನನಗ. ನೀ ಅಷ್ಟು ಹೇಳಿದ್ಯಲ್ಲ ಅಂತ ಸುಮ್ನ ನಡದೆ."

ಅಂಬಣ್ಣ ಇಂಜಿನ್ ಚಾಲೂ ಮಾಡಿದ. ಟ್ರ್ಯಾಕ್ಟರ್ ಊರ ಹಿಂದಿನ ಹಾದಿಗೆ ತಿರುಗಿತು. ಆ ಹಾದಿಯಲ್ಲಿ ಹೋಗುವಾಗ ಅಗಸಿ ಎಡಗಡೆ ಬೀಳುತ್ತದೆ. ಪೇಟೆಯ ಗದ್ದಲ ಅಲ್ಲಿಂದ ಕೇಳುತ್ತಿತ್ತು. ಅಪ್ಪ ಟ್ರಾಲಿಯ ಪಕ್ಕ ಕೈಮುಗಿದುಕೊಂಡು ನಡೆಯುತ್ತಿದ್ದ, ಕೇಳದ ಕಿವಿ ಆ ಕಡೆಗಿತ್ತು. ತಿರುಗಿ ನೋಡಲಿಲ್ಲ. ನಾನು ನೋಡಿದೆ. ಕಟ್ಟೆಯ ಮೇಲೆ ಕಳೆದ ವರ್ಷ ಗುಲಾಲು ಹಚ್ಚಿದ ಮುದುಕರೇ ಕೂತಿದ್ದರು. ನನ್ನನ್ನು ಕಂಡು ಗುರುತಿನ ನಗೆ ನಕ್ಕರು. ನಾನೂ ನಕ್ಕೆ.