ಬೀಡಿ ತಡಪೆ ಮುಟ್ಟದ ಮಗಳು

ನನ್ನ ಬಾಯಿ ಜೋರು. ಮಡಂತ್ಯಾರಿನ ಬೀಡಿ ಬ್ರಾಂಚಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಸೇಸಮ್ಮ ಬಂದಳೆಂದರೆ ಎಲೆ ತೂಗಿ ಕೊಡುವ ಅಬ್ಬಾಸ್ ಬ್ಯಾರಿ ಮೊದಲೇ ಕೈ ಮುಗಿಯುತ್ತಾರೆ, "ಇವತ್ತು ಎಲೆ ಒಳ್ಳೆಯದೇ ಉಂಟು ಮಾರಾಯ್ತಿ, ಬಯ್ಯಬೇಡ" ಎಂದು. ಈ ಬಾಯಿಯಿಂದ ನಾನು ಮಾಡಿಕೊಂಡದ್ದನ್ನೇ ಈಗ ಹೇಳುತ್ತಿರುವುದು.

ನನಗೆ ಒಂಬತ್ತು ವರ್ಷವಾದಾಗ ನನ್ನಮ್ಮ ದೇಯಿ ಬೀಡಿ ಕಟ್ಟುವ ತಡಪೆಯನ್ನು, ಎಲೆ ಹೊಗೆಸೊಪ್ಪು ಹರಡಿದ ಆ ಮೊರವನ್ನು, ನನ್ನ ಮಡಿಲಿಗೆ ಇಟ್ಟಳು. ಹದಿನೆಂಟರ ಹೊತ್ತಿಗೆ ಕಣ್ಣಿನ ಕಾಟ ಶುರು. ಬೆಳಿಗ್ಗೆ ಕಣ್ಣು ಬಿಡಲು ಹೋದರೆ ರೆಪ್ಪೆಯೊಳಗೆ ಮರಳು ಉಜ್ಜಿದಂತೆ ನೋವು, ಧಾರಾಕಾರ ನೀರು. ವರ್ಷ ಹೋದಂತೆ ಎದುರಿಗಿದ್ದದ್ದೆಲ್ಲ ಮಸುಕು. ಅಮ್ಮನಿಗೂ ಹಾಗೇ ಇತ್ತು. ಹೊಗೆಸೊಪ್ಪಿನ ಪುಡಿ ಕಣ್ಣು ತಿನ್ನುತ್ತದೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಿದ್ದರು. ನಾನೂ ನಂಬಿದೆ.

ಹನ್ನೆರಡು ವರ್ಷದ ಹಿಂದೆ ಒಂದು ದಿನ ಬೀಡಿಗೆ ಸುತ್ತುವ ನೂಲಿನ ತುದಿಯೇ ಕಾಣದಾಯಿತು. ಸಿಟ್ಟಿನಲ್ಲಿ ಬಸ್ಸು ಹತ್ತಿ ವೇಣೂರಿನ ತವರಿಗೆ ಹೋದವಳು ಅಂಗಳದಲ್ಲಿ ನಿಂತೇ ಕೂಗಿದೆ. "ನನ್ನ ಕಣ್ಣು ತಿಂದವಳು ನೀನು. ಹೆತ್ತವಳಾ ನೀನು?"

ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ಹೇಳಿದಳು, "ನನ್ನಮ್ಮನಿಗೂ ಹೀಗೇ ಇತ್ತು ಮಗಾ. ಅವಳು ಗದ್ದೆ ಕೆಲಸದವಳು, ಬೀಡಿ ಎಲೆ ಕಂಡವಳೇ ಅಲ್ಲ."

"ನೆವ ಹೇಳಬೇಡ" ಎಂದು ಒಂದು ಲೋಟ ನೀರೂ ಕುಡಿಯದೆ ತಿರುಗಿ ಬಂದೆ.

ಮರುವರ್ಷ ತಮ್ಮ ದಯಾನಂದ ಫೋನು ಮಾಡಿದ. "ಅಕ್ಕ, ಅಮ್ಮ ಇನ್ನು ಹೆಚ್ಚು ಹೊತ್ತು ಇಲ್ಲ. ನಿನ್ನನ್ನೇ ಕೇಳ್ತಾ ಇದ್ದಾಳೆ. ಬಂದು ಬಾಯಿಗೆ ನೀರು ಬಿಡು." ಸಿಟ್ಟು ಇಳಿದಿರಲಿಲ್ಲ, ನಾನು ಹೋಗಲಿಲ್ಲ. ಅಮ್ಮ ಹಾಗೇ ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಎರಡನ್ನೂ ಕಳೆದುಕೊಂಡೆ.

ನನ್ನ ಮಗಳು ವಿಸ್ಮಿತಾ ಹುಟ್ಟಿದಾಗಲೇ ಅವಳ ಕಣ್ಣನ್ನಾದರೂ ಉಳಿಸಬೇಕೆಂದು ಹಟ ಹಿಡಿದಿದ್ದೆ. ತಡಪೆಯನ್ನು ಮನೆಯ ಹೊರಗೆ ಕಟ್ಟಿಗೆ ಕೊಟ್ಟಿಗೆಗೆ ಸಾಗಿಸಿದೆ. ಮಳೆಗಾಲದಲ್ಲೂ ಅಲ್ಲೇ ಕೂತು ಕಟ್ಟುವುದು, ಮಿಂದು ಸೀರೆ ಬದಲಿಸಿಯೇ ಅವಳನ್ನು ಮುಟ್ಟುವುದು. ಏಳು ವರ್ಷದವಳಿದ್ದಾಗ ಒಮ್ಮೆ ಆಟಕ್ಕೆಂದು ಒಂದು ಎಲೆ ಸುರುಟಿದ್ದಳು ಪಾಪ, ಗುಡಿಸುವ ಹಿಡಿಸೂಡಿಯ ಕಡ್ಡಿಯಲ್ಲಿ ಬಾರಿಸಿದೆ. ಕಣ್ಣಲ್ಲಿ ಕಣ್ಣಿಟ್ಟು ಸಾಕಿದೆ. ಅವಳು ಓದಿ ಟೀಚರಾದಾಗ ಗೆದ್ದೆ ಅಂದುಕೊಂಡೆ.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವಳು ಹಾಸಿಗೆಯಲ್ಲೇ ಕಣ್ಣು ಒತ್ತಿ ಹಿಡಿದು ಕೂತಿದ್ದಳು. "ಅಮ್ಮ, ಕಣ್ಣು ಬಿಡ್ಲಿಕ್ಕೆ ಆಗುವುದಿಲ್ಲ. ಮರಳು ಬಿದ್ದ ಹಾಗೆ ಆಗ್ತದೆ." ಅವತ್ತೇ ಅವಳನ್ನು ಮಂಗಳೂರಿಗೆ ಕರೆದುಕೊಂಡು ಹೋದೆ.

ಮಂಗಳೂರಿನ ಡಾಕ್ಟರಮ್ಮ ಅವಳ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಆಮೇಲೆ, "ನೀವೂ ಕೂತ್ಕೊಳ್ಳಿ" ಎಂದು ನನ್ನ ಕಣ್ಣನ್ನೂ ನೋಡಿದರು.

"ಇಬ್ಬರಿಗೂ ಒಂದೇ ಕಾಯಿಲೆ. ಕಣ್ಣಿನ ಮುಂದೆ ಗಾಜಿನ ಹಾಗೆ ಒಂದು ಪದರ ಉಂಟು. ಅದರೊಳಗೆ ಗೀರು ಗೀರಾಗಿ ಮಂಜು ಕಟ್ಟುತ್ತಾ ಬರ್ತದೆ. ಇದು ವಂಶದಲ್ಲಿ ಇಳಿದು ಬರುವುದು."

"ಹೊಗೆಸೊಪ್ಪಿನದ್ದಲ್ವಾ?"

"ಅಲ್ಲ ಅಮ್ಮ. ಪುಡಿ ತಾಗಿದರೆ ಉರಿಯಬಹುದು, ಆದರೆ ಈ ರೋಗ ಅದರಿಂದ ಬರುವುದಿಲ್ಲ. ನಿಮ್ಮ ತಾಯಿಗೆ ಇತ್ತಾ? ಅವರ ತಾಯಿಗೆ?"

ವೇಣೂರಿನ ಅಂಗಳ, ಚೌಕಟ್ಟು ಹಿಡಿದ ಅಮ್ಮನ ಕೈ, ಎಲ್ಲ ಎದುರಿಗೆ ಬಂದು ನಿಂತಿತು. ಇಬ್ಬರಿಗೂ ಇತ್ತು ಎಂದು ತಲೆ ಆಡಿಸಿದೆ.

ಹೆಚ್ಚಾದರೆ ಸತ್ತವರು ದಾನ ಮಾಡಿದ ಕಣ್ಣಿನ ಪದರ ಜೋಡಿಸಬಹುದು, ವರ್ಷಗಳ ಮೇಲೆ ಅದರಲ್ಲೂ ಮಂಜು ಬರಬಹುದು ಎಂದರು.

"ನಾನು ಸತ್ತ ಮೇಲೆ ನನ್ನದು ಇವಳಿಗೆ ಹಾಕಿ" ಎಂದೆ.

"ನಿಮ್ಮದರಲ್ಲೂ ಅದೇ ಉಂಟಲ್ಲ ಅಮ್ಮ" ಎಂದರು ಅವರು, ಮೆಲ್ಲಗೆ.

ವಾಪಸು ಬರುವಾಗ ಬಸ್ಸು ಬಿ.ಸಿ. ರೋಡು ದಾಟಿತು. ನನಗೆ ತಡೆಯಲಾಗಲಿಲ್ಲ. "ಬೈದುಬಿಡು ಮಗಾ. ನನ್ನಿಂದಲೇ ಬಂದದ್ದು."

"ನಿನಗೆ ಗೊತ್ತಿತ್ತಾ ಅಮ್ಮ?"

"ಇಲ್ಲ."

"ಮತ್ತೆ ಬಯ್ಯುವುದು ಯಾಕೆ?" ಎಂದು ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಇಷ್ಟೇ ಮಾತನ್ನು ನಾನು ನನ್ನಮ್ಮನಿಗೆ ಹೇಳಬಹುದಿತ್ತು. ಸೆರಗು ಬಾಯಿಗೊತ್ತಿ ಅತ್ತೆ.

ಮರುದಿನ ಬೆಳಿಗ್ಗೆ ಇಬ್ಬರೂ ವೇಣೂರಿಗೆ ಹೋದೆವು. ಅಮ್ಮನನ್ನು ಸುಟ್ಟ ಜಾಗದಲ್ಲಿ ದಯಾನಂದ ನೆಟ್ಟ ತೆಂಗು ಈಗ ಕಾಯಿ ಬಿಟ್ಟಿದೆ. ಬಾವಿಯಿಂದ ಒಂದು ಚೊಂಬು ನೀರು ಸೇದಿ, ತುಳಸಿ ಎಲೆ ಹಾಕಿ, ಬುಡದಲ್ಲಿ ಕೂತೆ. "ಅಮ್ಮ, ತಡವಾಯಿತು" ಎಂದೆ. ವಿಸ್ಮಿತಾಳೂ ಚೊಂಬಿಗೆ ಕೈ ಕೊಟ್ಟಳು, ಇಬ್ಬರೂ ಸೇರಿ ನೀರು ಬಿಟ್ಟೆವು. ಬಿಸಿಲು ಎದುರಿಗಿತ್ತು. ನೀರು ಬುಡಕ್ಕೆ ಬಿತ್ತೋ ಪಕ್ಕಕ್ಕೆ ಹೋಯಿತೋ, ನಮ್ಮಿಬ್ಬರಿಗೂ ಸರಿಯಾಗಿ ಕಾಣಲಿಲ್ಲ.